ಎಲೆಮರೆ ಕಾಯಿಯಾಗಿ ಇನ್ನೆಷ್ಟು ದಿನ? ಅಡ್ಮಿನ್ ಅಸಿಸ್ಟೆಂಟ್‌ಗಳಿಗೆ ಒಂದಷ್ಟು ಮಾತು

ಅಡ್ಮಿನ್ ಕೆಲಸದ ದೊಡ್ಡ ತಮಾಷೆ ಏನು ಗೊತ್ತಾ? ಚೆನ್ನಾಗಿ ಮಾಡಿದಷ್ಟೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೀಟಿಂಗ್ ಹೇಳಿದ ಹೊತ್ತಿಗೆ ಶುರುವಾಯಿತು, ಎಲ್ಲರ ಮುಂದೆ ಸರಿಯಾದ ಫೈಲು ಇತ್ತು, ಹೊರಗಿನಿಂದ ಬಂದವರಿಗೆ ಗೇಟಿನಲ್ಲಿ ಪಾಸ್ ರೆಡಿ ಇತ್ತು, ಬಾಸ್‌ಗೆ ಮುಂದಿನ ಮೀಟಿಂಗ್‌ಗೆ ಹೋಗಲು ಹದಿನೈದು ನಿಮಿಷ ಬಿಡುವೂ ಸಿಕ್ಕಿತು. ಇದನ್ನೆಲ್ಲ ಯಾರೂ ಗಮನಿಸುವುದಿಲ್ಲ. ಅದೇ ಪ್ರೊಜೆಕ್ಟರ್ ಕೇಬಲ್ ಒಂದು ಸಿಗದೇ ಹೋಗಲಿ, ಇಡೀ ರೂಮು ತಿರುಗಿ ನಿಮ್ಮನ್ನೇ ನೋಡುತ್ತದೆ.

ಆಮೇಲೆ ಅಪ್ರೈಸಲ್ ಬರುತ್ತದೆ. "ತುಂಬಾ ಸಹಕಾರ ಕೊಡುತ್ತಾರೆ, ಒಳ್ಳೆಯ ಸ್ವಭಾವ, ಯಾವ ಕೆಲಸಕ್ಕೂ ಇಲ್ಲ ಅನ್ನುವುದಿಲ್ಲ" ಅಂತ ಬರೆದಿರುತ್ತಾರೆ. ಓದಲು ಖುಷಿಯೇ. ಆದರೆ ಸ್ವಭಾವ ನೋಡಿ ಯಾರೂ ಬಡ್ತಿ ಕೊಡುವುದಿಲ್ಲ.

ನಾನು ಈ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವಳು. ಈಗ ಇದೇ ಕೆಲಸ ಮಾಡುವವರ ಒಂದು ಸಣ್ಣ ತಂಡ ನೋಡಿಕೊಳ್ಳುತ್ತೇನೆ, ಹೊಸಬರನ್ನು ತೆಗೆದುಕೊಳ್ಳುವಾಗ ಇಂಟರ್‌ವ್ಯೂ ಮಾಡುವ ಕಡೆಯೂ ಕೂರುತ್ತೇನೆ. ಎರಡೂ ಕಡೆ ಕೂತು ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ. ಕೆಲಸ ಬಾರದೆ ಹಿಂದೆ ಬೀಳುವವರು ಬಹಳ ಕಡಿಮೆ. ಮಾಡಿದ ಕೆಲಸದ ಗುರುತು ಎಲ್ಲೂ ಉಳಿಸದೆ ಹಿಂದೆ ಬೀಳುವವರೇ ಜಾಸ್ತಿ.

ಹಾಗಾಗಿ ಮೊದಲನೆಯದು ಬರೆದಿಡುವುದು. ವಾರದ ಕೊನೆಯ ದಿನ ಕಂಪ್ಯೂಟರ್ ಮುಚ್ಚುವ ಮೊದಲು ಹತ್ತು ನಿಮಿಷ ಕೂತು, ಈ ವಾರ ಏನು ಸರಿಹೋಯಿತು, ಅದರಲ್ಲಿ ನನ್ನ ಪಾಲು ಏನು ಅಂತ ಎರಡು ಮೂರು ಸಾಲು ಬರೆಯಿರಿ. ಸುಮ್ನೆ "ಟ್ರಾವೆಲ್ ನೋಡಿಕೊಂಡೆ" ಅಂತ ಬರೆದರೆ ಉಪಯೋಗವಿಲ್ಲ, ಅದು ನಿಮ್ಮ ಕೆಲಸದ ಪಟ್ಟಿಯಲ್ಲೇ ಇದೆ. "ಪ್ರಯಾಣದ ಬಿಲ್ಲು ಪಾಸಾಗಲು ಮೂರು ವಾರ ಹಿಡಿಯುತ್ತಿತ್ತು. ಅರ್ಧಕ್ಕರ್ಧ ಬಿಲ್ಲು ರಸೀದಿ ಸಾಲದೆ ವಾಪಸ್ ಬರುತ್ತಿದ್ದವು. ಹೊರಡುವ ಮುಂಚೆಯೇ ಯಾವ ಯಾವ ರಸೀದಿ ಬೇಕು ಅಂತ ಒಂದು ಪುಟದ ಪಟ್ಟಿ ಕಳಿಸಲು ಶುರು ಮಾಡಿದೆ. ಈಗ ಒಂದು ವಾರದೊಳಗೆ ದುಡ್ಡು ಬರುತ್ತಿದೆ." ಹೀಗೆ ಬರೆಯಬೇಕು. ಮೊದಲು ಹೇಗಿತ್ತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು. ವರ್ಷದ ಕೊನೆಗೆ ನೆನಪು ಮಾಡಿಕೊಂಡು ಬರೆಯುತ್ತೇನೆ ಅಂದುಕೊಂಡರೆ ಆಗದ ಮಾತು. ಜನವರಿಯಲ್ಲಿ ಬೆವರು ಸುರಿಸಿ ಸರಿ ಮಾಡಿದ್ದು ಡಿಸೆಂಬರ್ ಹೊತ್ತಿಗೆ ನಿಮಗೇ ಮರೆತಿರುತ್ತದೆ, ಇನ್ನು ಬಾಸ್‌ಗೆ ಎಲ್ಲಿಂದ ನೆನಪಿರಬೇಕು? ಒಂದು ಎಚ್ಚರ: ಈ ಟಿಪ್ಪಣಿಯಲ್ಲಿ ಬೇರೆಯವರ ಸಂಬಳ, ಗ್ರಾಹಕರ ಹೆಸರು, ಒಳಗಿನ ಲೆಕ್ಕ ಬರೆಯಬೇಡಿ. ಗುಟ್ಟು ಕಾಪಾಡುತ್ತಾರೆ ಅನ್ನುವ ನಂಬಿಕೆಯ ಮೇಲೇ ಈ ಕೆಲಸ ನಿಂತಿರುವುದು.

ಇನ್ನು ಮೀಟಿಂಗ್ ಮಿನಿಟ್ಸ್, ಅಂದರೆ ಮೀಟಿಂಗ್‌ನಲ್ಲಿ ಏನಾಯಿತು ಅಂತ ಬರೆದು ಎಲ್ಲರಿಗೂ ಕಳಿಸುವ ಟಿಪ್ಪಣಿ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇದನ್ನು ಬಿಟ್ಟಿ ಚಾಕರಿ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅಡ್ಮಿನ್ ಅಸಿಸ್ಟೆಂಟ್ ಕೈಯಲ್ಲಿರುವ ಅತಿ ದೊಡ್ಡ ಅಧಿಕಾರ ಇದೇ. ಸಾಮಾನ್ಯವಾಗಿ ಏನಾಗುತ್ತದೆ? ಅವರು ಹೀಗಂದರು, ಇವರು ಹಾಗಂದರು ಅಂತ ನಾಲ್ಕು ಪುಟ ಬರೆದು, ಮೂರು ದಿನ ಬಿಟ್ಟು ಕಳಿಸುತ್ತಾರೆ. ಅಷ್ಟು ಹೊತ್ತಿಗೆ ಎಲ್ಲರೂ ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಆ ನಾಲ್ಕು ಪುಟ ಯಾರೂ ತೆರೆಯುವುದೂ ಇಲ್ಲ.

ಇವೆರಡು ಸಾಲು ನೋಡಿ. "ಸರಬರಾಜುದಾರರನ್ನು ಬದಲಿಸುವ ಬಗ್ಗೆ ಚರ್ಚಿಸಲಾಯಿತು." ಇದು ಒಂದು. "ಹೊಸದಾಗಿ ಮೂರು ಕೊಟೇಶನ್ ತರಿಸಬೇಕು. ಜವಾಬ್ದಾರಿ: ಖರೀದಿ ಮ್ಯಾನೇಜರ್. ಗಡುವು: 14ನೇ ತಾರೀಖು." ಇದು ಇನ್ನೊಂದು. ಎರಡನೆಯದರಲ್ಲಿ ಏನು, ಯಾರು, ಯಾವಾಗ ಮೂರೂ ಇದೆ. ಅದನ್ನು ಅವತ್ತೇ ಸಂಜೆಯೊಳಗೆ ಒಂದು ಪುಟದಲ್ಲಿ ಕಳಿಸಿದರೆ, ಮುಂದಿನ ಮೀಟಿಂಗ್ ನಡೆಯುವುದೇ ನಿಮ್ಮ ಆ ಪುಟದ ಮೇಲೆ.

ಆದರೆ ಈ ಮೂರನ್ನು ಬರೆಯಲು ಮೀಟಿಂಗ್‌ನಲ್ಲಿ ಅವು ಬಾಯಿಂದ ಬಂದಿರಬೇಕು ಅಲ್ವಾ? ಬರುವುದಿಲ್ಲ. "ಹೌದು ಹೌದು, ಅದನ್ನು ನೋಡಬೇಕು" ಅಂತ ಎಲ್ಲರೂ ತಲೆ ಆಡಿಸಿ ಮುಂದೆ ಹೋಗುತ್ತಾರೆ. ಅಲ್ಲಿ ನೀವು ಪೆನ್ನು ಎತ್ತಿ ಕೇಳಬೇಕು: "ಸರ್, ಇದನ್ನು ಯಾರ ಹೆಸರಿಗೆ ಬರೆದುಕೊಳ್ಳಲಿ?" ಅಷ್ಟೇ. ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಒಬ್ಬರು ಲ್ಯಾಪ್‌ಟಾಪ್ ನೋಡುತ್ತಾರೆ, ಇನ್ನೊಬ್ಬರು ನೀರಿನ ಬಾಟಲಿಗೆ ಕೈ ಹಾಕುತ್ತಾರೆ. ಕೊನೆಗೆ ಯಾರೋ ಒಬ್ಬರು "ಸರಿ, ನನ್ನ ಹೆಸರು ಹಾಕಿ" ಅನ್ನುತ್ತಾರೆ. ಕೇಳಿದ್ದು ಒಂದು ವಿನಯದ ಪ್ರಶ್ನೆ, ಅಧಿಕಪ್ರಸಂಗ ಅಂತ ಯಾರೂ ಅನ್ನುವ ಹಾಗಿಲ್ಲ. ಆದರೆ ಆ ಪ್ರಶ್ನೆ ಕೇಳುವವರನ್ನು ಬರೀ ಬರೆದುಕೊಳ್ಳುವವರು ಅಂತ ಅಲ್ಲಿಂದ ಮುಂದೆ ಯಾರೂ ನೋಡುವುದಿಲ್ಲ.

ಈಗ ಮಾತನ್ನೆಲ್ಲ ಕೇಳಿಸಿಕೊಂಡು ತಾನೇ ಸಾರಾಂಶ ಬರೆದುಕೊಡುವ ಎಐ ಬಂದಿದೆ, ಟೀಮ್ಸ್‌ನಲ್ಲೂ ಇದೆ, ಝೂಮ್‌ನಲ್ಲೂ ಇದೆ. ನಮ್ಮ ಕೆಲಸ ಹೋಯಿತು ಅಂತ ಕೆಲವರು ಹೆದರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದನ್ನು ಬಳಸಿ, ಧಾರಾಳವಾಗಿ ಬಳಸಿ. ಅದು ಆಡಿದ ಮಾತು ಬರೆಯುತ್ತದೆ. ಯಾರು ಬೇಕಂತಲೇ ಸುಮ್ಮನಿದ್ದರು, ತಮಾಷೆಗೆ ಹೇಳಿದ್ದು ಯಾವುದು, ಯಾವ ಸಾಲು ಬರಹದಲ್ಲಿ ಇರಲೇಬಾರದು, ಇದೆಲ್ಲ ಗೊತ್ತಿರುವುದು ಆ ರೂಮಿನಲ್ಲಿ ಕೂತಿದ್ದ ನಿಮಗೆ. ಒಂದೇ ವಿಷಯ, ರೆಕಾರ್ಡ್ ಮಾಡುವ ಮೊದಲು ಎಲ್ಲರಿಗೂ ಹೇಳಿ, ಕಂಪನಿಯ ನಿಯಮವೂ ನೋಡಿಕೊಳ್ಳಿ.

ಕಲಿಯುವ ವಿಷಯಕ್ಕೆ ಬಂದರೆ, ಇಂಟರ್‌ನೆಟ್ಟಿನಲ್ಲಿ ಎಲ್ಲರೂ ದೊಡ್ಡ ದೊಡ್ಡ ಕೋರ್ಸ್ ಹೆಸರು ಹೇಳುತ್ತಾರೆ. ನಾನು ಇಂಟರ್‌ವ್ಯೂನಲ್ಲಿ ನೋಡುವುದು ತೀರಾ ಸಣ್ಣ ವಿಷಯಗಳನ್ನು. "ಎಕ್ಸೆಲ್ ಬರುತ್ತದೆ" ಅಂತ ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ. ಸೊನ್ನೆಯಿಂದ ಶುರುವಾಗುವ ಒಂದು ನೌಕರರ ಸಂಖ್ಯೆ ಕೊಟ್ಟು ಟೈಪ್ ಮಾಡಲು ಹೇಳಿದರೆ, ಎಕ್ಸೆಲ್ ಅದನ್ನು ಅಂಕಿ ಅಂತ ತಿಳಿದು ಮೊದಲಿನ ಸೊನ್ನೆ ನುಂಗಿಬಿಡುತ್ತದೆ. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಟ್ಟುಕೊಳ್ಳುವವರು ಯಾರು ಅಂತ ನೋಡಿದರೆ ಸಾಕು, ನಿಜವಾಗಿ ಕೈ ಆಡಿಸಿದವರು ಗೊತ್ತಾಗುತ್ತಾರೆ. ಎರಡು ಪಟ್ಟಿ ಹೋಲಿಸಲು ಎಕ್ಸೆಲ್‌ನಲ್ಲಿ ಇನ್ನೂ ವಿಲುಕಪ್ ಅನ್ನುವ ಹಳೆಯ ಫಾರ್ಮುಲಾ ಬಳಸುತ್ತಿದ್ದರೆ ಎಕ್ಸ್‌ಲುಕಪ್ ಅನ್ನುವ ಹೊಸದನ್ನು ಕಲಿಯಿರಿ. ವಿಲುಕಪ್ ತನ್ನ ಬಲಗಡೆಗೆ ಮಾತ್ರ ಹುಡುಕುತ್ತದೆ, ನಡುವೆ ಯಾರಾದರೂ ಒಂದು ಕಾಲಮ್ ಸೇರಿಸಿದರೆ ತಪ್ಪು ಉತ್ತರ ಕೊಡುತ್ತದೆ, ಅದೂ ಎಷ್ಟೋ ಸಲ ಸದ್ದಿಲ್ಲದೆ. ಎಕ್ಸ್‌ಲುಕಪ್‌ಗೆ ಎರಡೂ ಕಾಟ ಇಲ್ಲ. ಮೈಕ್ರೋಸಾಫ್ಟ್ 365 ಅಥವಾ ಎಕ್ಸೆಲ್ 2021 ಇದ್ದರೆ ಅದು ನಿಮ್ಮ ಹತ್ತಿರ ಇದೆ. ಇದರ ಜೊತೆ ದೊಡ್ಡ ಪಟ್ಟಿಯ ಮೊತ್ತಗಳನ್ನು ಗುಂಪು ಗುಂಪಾಗಿ ತೋರಿಸುವ ಪಿವೋಟ್ ಟೇಬಲ್, ಒಂದೇ ಪತ್ರವನ್ನು ಬೇರೆ ಬೇರೆ ಹೆಸರಿಗೆ ಒಟ್ಟಿಗೆ ತಯಾರಿಸುವ ವರ್ಡ್‌ನ ಮೇಲ್ ಮರ್ಜ್. ಇಷ್ಟು ಬಂದರೆ ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯುತ್ತದೆ, ಉತ್ಪ್ರೇಕ್ಷೆ ಅಲ್ಲ.

ಫೈಲಿನ ಹೆಸರೂ ಹಾಗೇ. "ಫೈನಲ್", "ಫೈನಲ್ ಹೊಸದು", "ಫೈನಲ್ ಇದೇ ಫೈನಲ್" ಅಂತ ಇಡುವ ಆಫೀಸುಗಳೇ ಜಾಸ್ತಿ. ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ 2025-03-04 ಅಂತ ಹಾಕಿ. ಕಂಪ್ಯೂಟರ್ ತಾನಾಗಿ ಹಳೆಯದರಿಂದ ಹೊಸದಕ್ಕೆ ಜೋಡಿಸುತ್ತದೆ. ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಮಾನಕ ಹೇಳುವುದೂ ಇದೇ ಕ್ರಮವನ್ನು. ಬರೀ 03-04 ಅಂತ ಬರೆದರೆ ಒಂದು ದೇಶದವರು ಏಪ್ರಿಲ್ 3 ಅಂತ ಓದುತ್ತಾರೆ, ಅಮೆರಿಕದವರು ಮಾರ್ಚ್ 4 ಅಂತ ಓದುತ್ತಾರೆ.

ಬಾಸ್ ಬೇರೆ ಬೇರೆ ದೇಶದವರ ಜೊತೆ ಮಾತಾಡುವವರಾದರೆ ಇನ್ನೊಂದು ವಿಷಯ ನಿಮಗೆ ಬಾಯಿಪಾಠ ಆಗಿರಬೇಕು. ಅಮೆರಿಕದ ಬಹುತೇಕ ಕಡೆ ಬೇಸಿಗೆ ಕಾಲಕ್ಕೆ ಅಂತ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಯುರೋಪಿನಲ್ಲಿ ಅದು ಆಗುವುದು ಮಾರ್ಚಿನ ಕೊನೆಯ ಭಾನುವಾರ. ವಾಪಸ್ ಬರುವಾಗ ಯುರೋಪು ಮೊದಲು, ಅಕ್ಟೋಬರ್ ಕೊನೆಯ ಭಾನುವಾರ. ಅಮೆರಿಕ ನವೆಂಬರ್ ಮೊದಲ ಭಾನುವಾರ. ಗಡಿಯಾರ ಮುಟ್ಟದ ದೇಶಗಳೂ ಬೇಕಾದಷ್ಟಿವೆ. ಹಾಗಾಗಿ ಮಾರ್ಚಿನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ, ವಾರವಾರ ನಡೆಯುವ ಮೀಟಿಂಗ್‌ಗಳೆಲ್ಲ ಯಾರಾದರೊಬ್ಬರಿಗೆ ಒಂದು ಗಂಟೆ ಆಚೀಚೆ ಆಗುತ್ತವೆ. ಫೆಬ್ರವರಿಯಲ್ಲೇ "ಈ ಮೂರು ವಾರ ಈ ಐದು ಮೀಟಿಂಗ್‌ಗಳು ಒಂದರ ಮೇಲೊಂದು ಬರುತ್ತವೆ, ಹೀಗೆ ಬದಲಿಸಲೇ?" ಅಂತ ಒಂದು ಮೇಲ್ ಹಾಕಿ ನೋಡಿ. ಗೊಂದಲ ಆದ ಮೇಲೆ ಸರಿ ಮಾಡಿದವರಿಗೆ ಥ್ಯಾಂಕ್ಸ್ ಸಿಗುತ್ತದೆ, ಆಗುವ ಮೊದಲೇ ತಡೆದವರಿಗೆ ಏನೂ ಸಿಗುವುದಿಲ್ಲ. ಅದಕ್ಕೇ ಆ ಮೇಲ್ ಮುಖ್ಯ. ತಡೆದದ್ದಕ್ಕೆ ಅದೊಂದೇ ಸಾಕ್ಷಿ.

ಸರ್ಟಿಫಿಕೇಟ್ ಮಾಡಬೇಕಾ ಅಂತ ಬಹಳ ಜನ ಕೇಳುತ್ತಾರೆ. ಅಮೆರಿಕದಲ್ಲಿ 1942ರಲ್ಲಿ ಸೆಕ್ರೆಟರಿಗಳ ಒಂದು ಸಂಘ ಶುರುವಾಯಿತು, ಈಗ ಅದರ ಹೆಸರು ಐಎಎಪಿ (ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಅಡ್ಮಿನಿಸ್ಟ್ರೇಟಿವ್ ಪ್ರೊಫೆಷನಲ್ಸ್). 1951ರಿಂದಲೇ ಅವರು ಪರೀಕ್ಷೆ ನಡೆಸುತ್ತಾ ಬಂದಿದ್ದಾರೆ, ಈಗಿನ ಪರೀಕ್ಷೆಗೆ ಸಿಎಪಿ (ಸರ್ಟಿಫೈಡ್ ಅಡ್ಮಿನಿಸ್ಟ್ರೇಟಿವ್ ಪ್ರೊಫೆಷನಲ್) ಅನ್ನುತ್ತಾರೆ. ಪ್ರಾಜೆಕ್ಟ್ ಕಡೆಗೆ ಹೋಗುವ ಆಸೆ ಇದ್ದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಂಸ್ಥೆಯಾದ ಪಿಎಂಐ ಕೊಡುವ ಸಿಎಪಿಎಂ ಅನ್ನುವ ಸರ್ಟಿಫಿಕೇಟ್ ಇದೆ, ಅದಕ್ಕೆ ಪ್ರಾಜೆಕ್ಟ್ ನಡೆಸಿದ ಅನುಭವ ಬೇಕಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೆಲಸ ಬದಲಿಸುವಾಗ ಇವು ಕೈ ಹಿಡಿಯುತ್ತವೆ, ಇರುವ ಕಡೆಯೇ ಮೇಲೆ ಹೋಗಲು ಅಷ್ಟಕ್ಕಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಿಮ್ಮ ಆಫೀಸಿನವರು ನಿಮ್ಮನ್ನು ದಿನಾ ನೋಡುತ್ತಾರೆ, ಅವರಿಗೆ ಹೊಸ ಕಾಗದಕ್ಕಿಂತ ಹಳೆಯ ಅಭಿಪ್ರಾಯವೇ ಗಟ್ಟಿ. ದುಡ್ಡು ಕಟ್ಟುವ ಮೊದಲು ಕಂಪನಿ ಖರ್ಚು ಕೊಡುತ್ತದಾ ಅಂತ ಎಚ್‌ಆರ್‌ಗೆ ಒಂದು ಮಾತು ಕೇಳಿ. ತರಬೇತಿಗೆ ಅಂತ ದುಡ್ಡು ತೆಗೆದಿಟ್ಟಿದ್ದರೂ ಯಾರೂ ಕೇಳದೆ ಹಾಗೇ ಉಳಿಯುವುದುಂಟು.

ಮೇಲೆ ಹೋಗುವುದು ಅಂದರೆ ಎಲ್ಲಿಗೆ? ಇದನ್ನು ಯೋಚಿಸದೆ ಓಡುವವರೇ ಹೆಚ್ಚು. ಎಲ್ಲರೂ ದೊಡ್ಡ ಬಾಸ್‌ಗೆ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಆಗಬೇಕು ಅಂತಾರೆ. ಅದು ಒಂದು ದಾರಿ, ಒಳ್ಳೆಯ ದಾರಿಯೇ. ಝೆರಾಕ್ಸ್ ಕಂಪನಿಯ ಉರ್ಸುಲಾ ಬರ್ನ್ಸ್ 1990ರಲ್ಲಿ ಅಲ್ಲಿನ ಒಬ್ಬ ಹಿರಿಯ ಅಧಿಕಾರಿಗೆ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಆದರು, ಮರುವರ್ಷ ಕಂಪನಿಯ ಮುಖ್ಯಸ್ಥರಿಗೇ ಆದರು, 2009ರಲ್ಲಿ ಅದೇ ಕಂಪನಿಯ ಸಿಇಒ ಆದರು. ಈ ಕಥೆಯನ್ನು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ, ಆದರೆ ಒಂದು ವಿಷಯ ನುಂಗಿಬಿಡುತ್ತಾರೆ. ಆಕೆ ಮೆಕ್ಯಾನಿಕಲ್ ಎಂಜಿನಿಯರ್. ಅದೇ ಕಂಪನಿಯಲ್ಲಿ ಎಂಜಿನಿಯರ್ ಆಗಿ ವರ್ಷಗಳ ಕೆಲಸ ಮಾಡಿದ ಮೇಲೆ ಆ ಕುರ್ಚಿಗೆ ಬಂದವರು. ಹಾಗಾಗಿ ಕುರ್ಚಿಯೇ ಮೇಲೆ ಎತ್ತುತ್ತದೆ ಅಂತ ನಂಬಬೇಡಿ. ಆ ಕುರ್ಚಿಯಿಂದ ಏನು ಕಾಣಿಸುತ್ತದೆ ಅನ್ನುವುದೇ ಅದರ ಬೆಲೆ. ನಿರ್ಧಾರಗಳು ಹೇಗೆ ಆಗುತ್ತವೆ, ಬಜೆಟ್‌ಗೆ ಎಲ್ಲಿ ಕತ್ತರಿ ಬೀಳುತ್ತದೆ, ಯಾರ ಮಾತಿಗೆ ತೂಕ ಜಾಸ್ತಿ, ಇದೆಲ್ಲ ನಿಮ್ಮ ಕಣ್ಣೆದುರೇ ನಡೆಯುತ್ತದೆ. ಬೇರೆ ಯಾವ ಕಿರಿಯ ನೌಕರರಿಗೂ ಅದು ಕಾಣುವುದಿಲ್ಲ.

ಒಂದು ತಿಂಗಳು ನಿಮ್ಮ ಹೊತ್ತು ಎಲ್ಲಿ ಹೋಗುತ್ತದೆ ಅಂತ ನೋಡಿ. ಕೊಟೇಶನ್, ಬಿಲ್ಲು, ಸಪ್ಲೈಯರ್ ಜೊತೆ ಚೌಕಾಸಿ ಇದರಲ್ಲೇ ಅರ್ಧ ದಿನ ಹೋಗುತ್ತಿದ್ದರೆ ನೀವು ಆಗಲೇ ಖರೀದಿ ವಿಭಾಗದ ಕೆಲಸ ಮಾಡುತ್ತಿದ್ದೀರಿ, ಹೆಸರು ಮಾತ್ರ ಬೇರೆ. ಹೊಸಬರು ಸೇರುವಾಗಿನ ಕಾಗದಪತ್ರ, ರಜೆಯ ಲೆಕ್ಕ ಜಾಸ್ತಿ ಇದ್ದರೆ ಅದು ಎಚ್‌ಆರ್. ಹತ್ತು ಜನರ ಬೆನ್ನು ಬಿದ್ದು ಗಡುವಿನೊಳಗೆ ಕೆಲಸ ಮುಗಿಸುವುದಾದರೆ ಪ್ರಾಜೆಕ್ಟ್ ಕೋಆರ್ಡಿನೇಟರ್. ಆ ವಿಭಾಗದವರ ಜೊತೆ ಈಗಲೇ ಒಡನಾಟ ಇಟ್ಟುಕೊಳ್ಳಿ. ಒಬ್ಬ ಬಾಸ್‌ಗೆ ಮಾತ್ರ ಗೊತ್ತಿರುವ ಅಸಿಸ್ಟೆಂಟ್ ಆಗಿ ಉಳಿದರೆ, ಅವರು ಕೆಲಸ ಬಿಟ್ಟ ದಿನ ನಿಮ್ಮ ಇಷ್ಟು ವರ್ಷದ ಹೆಸರೂ ಅವರ ಜೊತೆ ಹೊರಗೆ ಹೋಗುತ್ತದೆ.

ಈಗ ಕಹಿ ಮಾತು. "ನೀವಿಲ್ಲದಿದ್ದರೆ ನನಗೆ ಕೈಕಾಲೇ ಆಡುವುದಿಲ್ಲ" ಅಂತ ಬಾಸ್ ಹೇಳಿದರೆ ಹಿಗ್ಗಬೇಡಿ. ನಿಮ್ಮನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ ಅಂತ ಅರ್ಥ. ಒಳ್ಳೆಯ ಅಸಿಸ್ಟೆಂಟ್‌ಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ, ನಿಮ್ಮ ಕೆಲಸವನ್ನೆಲ್ಲ ಒಂದು ಕೈಪಿಡಿಯಾಗಿ ಬರೆದಿಡುವುದು. ಯಾವ ತಿಂಗಳು ಯಾವ ರಿಪೋರ್ಟ್, ಯಾರಿಗೆ ಕಾಪಿ, ಯಾವ ಸಪ್ಲೈಯರ್ ಫೋನ್‌ಗೆ ಬರುತ್ತಾರೆ, ಯಾರು ಮೇಲ್‌ಗೆ ಮಾತ್ರ ಉತ್ತರಿಸುತ್ತಾರೆ, ಪ್ರಿಂಟರ್ ಕೈಕೊಟ್ಟರೆ ಯಾರನ್ನು ಕರೆಯಬೇಕು, ಎಲ್ಲ. ಬರೆದುಕೊಟ್ಟರೆ ನನ್ನನ್ನೇ ತೆಗೆದುಹಾಕುತ್ತಾರೆ ಅಂತ ಕೆಲವರು ಬಚ್ಚಿಟ್ಟುಕೊಳ್ಳುತ್ತಾರೆ. ನಾನು ಕಂಡಿದ್ದು ಉಲ್ಟಾ. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡವರು ರಜೆ ಹಾಕಲೂ ಆಗದೆ ಅದೇ ಕುರ್ಚಿಯಲ್ಲಿ ಕೂತಿರುತ್ತಾರೆ. ಕೈಪಿಡಿ ಇದ್ದವರು "ನನ್ನ ಜಾಗಕ್ಕೆ ಬರುವವರಿಗೆ ಎರಡು ವಾರ ಸಾಕು" ಅಂತ ಧೈರ್ಯವಾಗಿ ಹೇಳಬಲ್ಲರು. ಆಗ ಬಾಸ್‌ಗೂ ಬಿಟ್ಟುಕೊಡುವ ಭಯ ಕಡಿಮೆಯಾಗುತ್ತದೆ.

ಹಾಗೇ, ಲೆಕ್ಕಕ್ಕೆ ಬಾರದ ಕೆಲಸಗಳ ಬಗ್ಗೆ ಒಂದು ಮಾತು. ಹುಟ್ಟುಹಬ್ಬದ ಕಾರ್ಡಿಗೆ ಎಲ್ಲರ ಸಹಿ ಹಾಕಿಸುವುದು, ಬೀಳ್ಕೊಡುಗೆಗೆ ಚಂದಾ ಎತ್ತುವುದು, ಗುಂಪು ಫೋಟೋಗೆ ಜನರನ್ನು ಸೇರಿಸುವುದು. ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬಾಬ್‌ಕಾಕ್ ಮತ್ತು ಇನ್ನೂ ಮೂವರು ಸಂಶೋಧಕಿಯರು 2017ರಲ್ಲಿ ಇಂಥ ಕೆಲಸಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಬಡ್ತಿಗೆ ಉಪಯೋಗಕ್ಕೆ ಬಾರದ ಕೆಲಸಕ್ಕೆ ಹೆಂಗಸರೇ ಹೆಚ್ಚು ಮುಂದೆ ಬರುತ್ತಾರೆ, ಬೇರೆಯವರೂ ಅವರನ್ನೇ ಹೆಚ್ಚು ಕೇಳುತ್ತಾರೆ ಅಂತ ಅದರಲ್ಲಿ ಕಂಡುಬಂತು. ನಮಗೆ ಇದು ಓದಿ ಗೊತ್ತಾಗಬೇಕಾಗಿಯೂ ಇರಲಿಲ್ಲ ಬಿಡಿ. ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ, ಆಫೀಸಿನಲ್ಲಿ ನಾಲ್ಕು ಜನರ ಜೊತೆ ಬಾಳಬೇಕಲ್ಲ. ಆದರೆ ಸರದಿ ಮಾಡಿ. "ಈ ಸಲ ನಾನು ನೋಡಿಕೊಂಡೆ, ಮುಂದಿನ ಸಲಕ್ಕೆ ಯಾರ ಹೆಸರು ಬರೆದುಕೊಳ್ಳಲಿ?" ಮೀಟಿಂಗ್‌ನಲ್ಲಿ ಕೆಲಸ ಮಾಡುವ ಪ್ರಶ್ನೆ ಇಲ್ಲೂ ಕೆಲಸ ಮಾಡುತ್ತದೆ.

ಕೊನೆಗೆ ಬಾಯಿ ಬಿಟ್ಟು ಕೇಳುವುದು. ಕೇಳದೇ ಇದ್ದರೆ ಸಿಗುವುದಿಲ್ಲ, ಎಷ್ಟೇ ಒಳ್ಳೆಯ ಬಾಸ್ ಆದರೂ. ಯಾವಾಗ ಕೇಳಬೇಕು ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ಅಪ್ರೈಸಲ್ ದಿನ ಕೇಳಿದರೆ ಆಗಲೇ ತಡ. ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ದುಡ್ಡು ಹಂಚಿಕೆಯಾಗಿ ಮುಗಿದಿರುತ್ತದೆ. ಎರಡು ಮೂರು ತಿಂಗಳು ಮೊದಲೇ, ಬೇರೆ ಯಾವ ವಿಷಯವೂ ಇಲ್ಲದ ಅರ್ಧ ಗಂಟೆ ತೆಗೆದುಕೊಳ್ಳಿ. ಕ್ಯಾಲೆಂಡರ್ ನಿಮ್ಮ ಕೈಯಲ್ಲೇ ಇದೆ, ಅಷ್ಟೂ ಉಪಯೋಗ ಮಾಡಿಕೊಳ್ಳದಿದ್ದರೆ ಹೇಗೆ? "ಮೇಡಂ, ಮುಂದಿನ ವರ್ಷ ನಾನು ಸೀನಿಯರ್ ಹುದ್ದೆಗೆ ಹೋಗಬೇಕು ಅಂತಿದ್ದೇನೆ. ಈ ವರ್ಷ ಮಾಡಿದ್ದು ಈ ಪುಟದಲ್ಲಿದೆ. ನನ್ನಲ್ಲಿ ಇನ್ನೂ ಏನು ಕಡಿಮೆ ಇದೆ ಅಂತ ನಿಮಗೆ ಅನ್ನಿಸುತ್ತದೆ?" ಹೀಗೆ ಕೇಳಿ, ಕೇಳಿ ಸುಮ್ಮನಿರಿ. ಆ ಮೌನ ತುಂಬಲು ಹೋಗಿ "ಪರವಾಗಿಲ್ಲ, ಅರ್ಜೆಂಟ್ ಏನಿಲ್ಲ" ಅಂತ ನೀವೇ ಹೇಳಿಬಿಟ್ಟರೆ ಎಲ್ಲ ಮುಗಿಯಿತು. ಮನೆ ಬಾಡಿಗೆ, ಮಕ್ಕಳ ಫೀಸು, ಪಕ್ಕದವರ ಸಂಬಳ ಇವನ್ನು ಈ ಮಾತಿಗೆ ತರಲೇಬೇಡಿ.

"ನೋಡೋಣ" ಅಂತಾರೆ. ಅನ್ನಲಿ. ಯಾವಾಗ ನೋಡೋಣ ಅಂತ ತಾರೀಖು ಕೇಳಿ, ಅವರ ಎದುರೇ ಕ್ಯಾಲೆಂಡರಿಗೆ ಹಾಕಿ, ಮಾತಾಡಿದ್ದನ್ನು ಅವತ್ತೇ ನಾಲ್ಕು ಸಾಲಿನ ಮೇಲ್‌ನಲ್ಲಿ ಕಳಿಸಿ. ಆ ತಾರೀಖಿನಂದೂ ಮತ್ತೆ ಬರೀ "ನೋಡೋಣ" ಅಂದರೆ ಅದನ್ನೇ ಉತ್ತರ ಅಂತ ತಿಳಿದುಕೊಳ್ಳಿ. ವಾರವಾರ ಬರೆದಿಟ್ಟ ಟಿಪ್ಪಣಿಯಿಂದ ಒಳ್ಳೆಯ ಆರೇಳು ಸಾಲು ತೆಗೆದು ರೆಸ್ಯೂಮೆಗೆ ಹಾಕಿ, ಹೊರಗೆ ಹುಡುಕಲು ಶುರು ಮಾಡಿ. ಆಫರ್ ಲೆಟರ್ ಕೈಗೆ ಬರುವ ತನಕ ಆಫೀಸಿನಲ್ಲಿ ಯಾರಿಗೂ ಹೇಳಬೇಡಿ, ಪಕ್ಕದ ಸೀಟಿನ ಪ್ರಾಣಸ್ನೇಹಿತೆಗೂ.